ಕಲ್ಲಿನಂತೆ ಮುರಿದ ಸರಪಳಿ

ಗ್ರಾನೈಟ್ ಯಾರ್ಡಿನ ಮಾಲೀಕರು ನನ್ನನ್ನು ಗೇಟಿನ ಹತ್ತಿರವೇ ಎದುರುಗೊಂಡು, ಕೂತ್ಕೊಳ್ಳಿ ಅನ್ನುವುದಕ್ಕೂ ಮುಂಚೆಯೇ, "ಚೈನ್ ಕುಯ್ದಿರೋನು ಯಾರು ಅಂತ ನಮಗೆ ಗೊತ್ತು ಮೇಡಂ. ನೀವು ಬರ್ಕೊಟ್ರೆ ಸಾಕು" ಎಂದರು. ನನಗೆ ಅಲ್ಲೇ ಅನುಮಾನ ಶುರುವಾಯಿತು. ಅಪಘಾತ ನಡೆದ ಜಾಗದಲ್ಲಿ ಉತ್ತರ ಮೊದಲೇ ತಯಾರಾಗಿ ನಿಂತಿದ್ದರೆ ಅದರ ಹಿಂದೆ ಏನೋ ಇದೆ ಎಂದೇ ನಾನು ತಿಳಿಯುವುದು.

ಮುರಿದ ಯಂತ್ರ, ಕುಸಿದ ಕ್ರೇನು, ಸಿಡಿದ ಬಾಯ್ಲರು ಇಂಥವನ್ನು ನೋಡಿ, ಯಾಕೆ ಹೀಗಾಯಿತು ಎಂದು ವಿಮಾ ಕಂಪನಿಗೆ ವರದಿ ಕೊಡುವುದು ನನ್ನ ಕೆಲಸ. ಓದಿದ್ದು ಲೋಹಶಾಸ್ತ್ರ, ಮನೆ ಚಾಮರಾಜನಗರದಲ್ಲೇ. ಯಾರನ್ನೂ ನಂಬದೆ ಇರುವುದಕ್ಕೆ ಸಂಬಳ ಕೊಡುವ ಕೆಲಸ ಇದೊಂದೇ ಇರಬೇಕು. ಮನೆಯಲ್ಲೂ ಆ ಗುಣ ಬಿಡುವುದಿಲ್ಲ. ಹಾಲಿನವರು ಬಂದರೆ ನಾನು ಮೊದಲು ನೋಡುವುದು ಪಾತ್ರೆಯನ್ನು, ಆಮೇಲೆ ಅವರ ಮುಖವನ್ನು ಎಂದು ನನ್ನ ಗಂಡ ಕಂಡವರ ಮುಂದೆಲ್ಲ ಹೇಳಿಕೊಂಡು ನಗುತ್ತಾರೆ. ನಗಲಿ.

ನಡೆದದ್ದು ಇಷ್ಟು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯ ಪಕ್ಕದ ಆ ಯಾರ್ಡಿಗೆ ಕ್ವಾರಿಯಿಂದ ಕರಿಕಲ್ಲಿನ ದೊಡ್ಡ ದೊಡ್ಡ ಬ್ಲಾಕುಗಳು ಬರುತ್ತವೆ. ಬ್ಲಾಕಿಗೆ ಎರಡು ಸರಪಳಿ ಸುತ್ತಿ, ಹಳಿಯ ಮೇಲೆ ಓಡುವ ಗ್ಯಾಂಟ್ರಿ ಕ್ರೇನಿನ ಕೊಕ್ಕೆಗೆ ಸಿಕ್ಕಿಸಿ, ಎತ್ತಿ ಗರಗಸದ ಟ್ರಾಲಿಯ ಮೇಲೆ ಇಡುತ್ತಾರೆ. ಅವತ್ತು ಬ್ಲಾಕು ನೆಲ ಬಿಟ್ಟು ಸೊಂಟದ ಎತ್ತರಕ್ಕೆ ಬಂದಿದ್ದಾಗ ಒಂದು ಸರಪಳಿಯ ಕೊಂಡಿ ಮುರಿಯಿತು. ಕಲ್ಲು ಓರೆಯಾಗಿ ಜಾರಿ ಸರಪಳಿ ಕಟ್ಟಿದವರ ಕಾಲಿನ ಮೇಲೆ ಬಿತ್ತು. ಅವರು ಹರವೆ ಎಂಬ ಊರಿನವರು, ಇಬ್ಬರು ಮಕ್ಕಳ ತಂದೆ. ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಮಾಲೀಕರು ಬೆರಳು ತೋರಿಸುತ್ತಿದ್ದದ್ದು ಉಡಿಗಾಲ ಗ್ರಾಮದ ಒಬ್ಬರ ಕಡೆಗೆ. ದಿನವೂ ಸರಪಳಿ ಕಟ್ಟುವ ಕೆಲಸ ಅವರದೇ. ಯಾರ್ಡಿನಲ್ಲಿ ಎಲ್ಲರೂ ಅವರನ್ನು ಚೈನಣ್ಣ ಎಂದೇ ಕರೆಯುತ್ತಿದ್ದರು. ದಸರಾ ಹಬ್ಬ ಮುಗಿದ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗಲು ರಜೆ ಕೇಳಿದ್ದರು. ಮಾಲೀಕರು ಕೊಡಲಿಲ್ಲ. ಮಾತಿಗೆ ಮಾತು ಬೆಳೆದು ಚೈನಣ್ಣ ಎಲ್ಲರ ಮುಂದೆ, "ಆಗ್ಲಿ ಬುಡಿ, ಮಾದಪ್ಪನೇ ನೋಡ್ಕತಾನೆ" ಎಂದು ಹೇಳಿ, ಮಾರನೆಯ ದಿನ ರಜೆ ಇಲ್ಲದೆಯೇ ಬೆಟ್ಟಕ್ಕೆ ಹೋಗಿಬಿಟ್ಟರು. ಅವರ ಜಾಗಕ್ಕೆ ನಿಲ್ಲಿಸಿದ್ದು ಅವರ ಅಕ್ಕನ ಗಂಡನನ್ನೇ, ಕಾಲು ಕಳೆದುಕೊಂಡ ಹರವೆಯವರನ್ನು. ಸರಪಳಿ ಮುರಿದದ್ದು ಅದೇ ದಿನ.

"ಇಷ್ಟು ವರ್ಷದಲ್ಲಿ ಒಂದಿನ ಮುರೀಲಿಲ್ಲ. ಅವನು ಇಲ್ಲದಿದ್ದ ದಿನವೇ ಯಾಕೆ ಮುರೀತು? ನೀವೇ ಹೇಳಿ" ಎಂದರು ಮಾಲೀಕರು. ಠಾಣೆಗೆ ದೂರು ಕೊಟ್ಟಾಗಿತ್ತು. ಸಬ್‌ಇನ್‌ಸ್ಪೆಕ್ಟರು ನನ್ನ ವರದಿ ಬರಲಿ ಎಂದು ಕಾಯುತ್ತಿದ್ದರು. ಬೇಕೆಂದೇ ಕುಯ್ದದ್ದು ಎಂದು ನಾನು ಬರೆದರೆ ಚೈನಣ್ಣ ಜೈಲಿಗೆ ಹೋಗುತ್ತಿದ್ದರು.

ಮುರಿದ ಕೊಂಡಿಯನ್ನು ಟವೆಲ್ಲಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದರು. ಎಷ್ಟು ಕೈ ಮುಟ್ಟಿದೆಯೋ, ಯಾರು ಒರೆಸಿದ್ದಾರೋ ಎಂದು ಸಿಟ್ಟು ಬಂತು. ಬಿಸಿಲಿಗೆ ತಂದು ಮಸೂರ ಹಿಡಿದು ನೋಡಿದೆ. ಗರಗಸದಲ್ಲಿ ಕುಯ್ದಿದ್ದರೆ ಸಾಲುಗೆರೆಗಳು ಇರಬೇಕಿತ್ತು. ಗ್ರೈಂಡರ್ ಹಿಡಿದಿದ್ದರೆ ಕಾದ ನೀಲಿ ಬಣ್ಣ ಇರಬೇಕಿತ್ತು. ಎರಡೂ ಇಲ್ಲ. ಅದಕ್ಕಿಂತ ವಿಚಿತ್ರವೆಂದರೆ ಕೊಂಡಿ ಒಂದು ಕೂದಲೆಳೆಯಷ್ಟೂ ಉದ್ದವಾಗಿರಲಿಲ್ಲ, ಎಲ್ಲೂ ಸಣ್ಣಗಾಗಿರಲಿಲ್ಲ. ಮುರಿದ ಮುಖ ಕಲ್ಲುಸಕ್ಕರೆ ಒಡೆದ ಹಾಗೆ ಹರಳು ಹರಳಾಗಿ ಮಿಂಚುತ್ತಿತ್ತು.

ನನಗೆ ತಲೆ ಕೆಟ್ಟಿದ್ದು ಇದನ್ನು ನೋಡಿಯೇ. ಉಕ್ಕು ಹಾಗೆ ಮುರಿಯುವ ವಸ್ತುವಲ್ಲ. ಹಾಗೆ ಮುರಿಯುವುದು ಕಲ್ಲು.

ಮಾಲೀಕರು ಅರ್ಥವಾಗದೆ ನೋಡಿದರು. ನಾನು ಅವರ ಕ್ಯಾಂಟೀನಿನಿಂದ ಒಂದು ಹರಳು ಕಲ್ಲುಪ್ಪು, ಯಾರ್ಡಿನಿಂದ ಒಂದು ಚೂರು ಕರಿಕಲ್ಲು, ಒಂದು ತುಂಡು ಕಟ್ಟುವ ತಂತಿ ತರಿಸಿದೆ. ಉಪ್ಪಿಗೆ ಸುತ್ತಿಗೆಯಲ್ಲಿ ಮೆಲ್ಲಗೆ ಕುಟ್ಟಿದರೆ ಚಪ್ಪಟೆ ಮುಖವಾಗಿ ಸೀಳಿತು. ಉಪ್ಪಿನಲ್ಲಿ ಧನ ಮತ್ತು ಋಣ ಅಯಾನುಗಳು ಒಂದರ ಪಕ್ಕ ಒಂದು ಕೂತಿರುತ್ತವೆ, ಅದಕ್ಕೆ ಅಯಾನಿಕ ಬಂಧ ಎಂದು ಹೆಸರು. ಪೆಟ್ಟು ಬಿದ್ದು ಒಂದು ಸಾಲು ಸ್ವಲ್ಪ ಸರಿದರೆ ಧನದ ಎದುರು ಧನವೇ ಬಂದು, ಒಂದನ್ನೊಂದು ತಳ್ಳಿ, ಹರಳು ಬಿರಿಯುತ್ತದೆ. ಕರಿಕಲ್ಲಿನಲ್ಲಿ ಸಿಲಿಕಾನ್, ಆಕ್ಸಿಜನ್ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು, ಇಂಥ ದಿಕ್ಕಿಗೇ ಎಂದು ಬಿಗಿಯಾಗಿ ಕೈ ಹಿಡಿದಿರುತ್ತವೆ. ಇದು ಸಹವೇಲೆನ್ಸೀ ಬಂಧ. ಅದಕ್ಕೇ ಕಲ್ಲು ಅಷ್ಟು ಗಟ್ಟಿ. ಆದರೆ ಆ ಹಿಡಿತ ಬಾಗುವುದಿಲ್ಲ. ಬಿಟ್ಟರೆ ಒಡೆಯಿತು ಎಂದೇ ಅರ್ಥ.

ತಂತಿಯನ್ನು ಮಾಲೀಕರ ಕೈಗೆ ಕೊಟ್ಟು ಬಗ್ಗಿಸಲು ಹೇಳಿದೆ. ಬಗ್ಗಿತು. ಲೋಹದಲ್ಲಿ ಎಲೆಕ್ಟ್ರಾನುಗಳು ಯಾರೊಬ್ಬರವೂ ಅಲ್ಲ, ಎಲ್ಲ ಪರಮಾಣುಗಳಿಗೂ ಸೇರಿದವು. ಒಂದು ಪದರ ಇನ್ನೊಂದರ ಮೇಲೆ ಜಾರಿದರೂ ಬಂಧ ಕಡಿಯುವುದಿಲ್ಲ, ಹೊಸ ಜಾಗದಲ್ಲಿ ಮತ್ತೆ ಕೂಡುತ್ತದೆ. ಲೋಹೀಯ ಬಂಧದ ಗುಣವೇ ಅದು. ಅದಕ್ಕೇ ತಂತಿ ಬಾಗುತ್ತದೆ, ತಗಡು ಬಡಿದಷ್ಟೂ ಅಗಲವಾಗುತ್ತದೆ, ಭಾರ ಹೆಚ್ಚಾದರೆ ಸರಪಳಿ ಮೊದಲು ಹಿಗ್ಗುತ್ತದೆ, ಕಿರುಗುಟ್ಟುತ್ತದೆ. ಕೆಳಗಿರುವವರಿಗೆ ಓಡಲು ಸಮಯ ಸಿಗುತ್ತದೆ. ಈ ಸರಪಳಿ ಯಾಕೆ ಹಿಗ್ಗಲಿಲ್ಲ?

"ನಂಗೆ ಈ ಪಾಠ ಎಲ್ಲ ಬೇಡ ಮೇಡಂ. ಕುಯ್ದಿದ್ದು ಹೌದಾ ಅಲ್ವಾ?"

"ಕುಯ್ದಿದ್ದಲ್ಲ" ಎಂದೆ. ಅವರ ಮುಖ ಸಪ್ಪಗಾಯಿತು. ಆ ಸಪ್ಪೆ ಮುಖವನ್ನು ನೋಡಿ ನನ್ನ ಅನುಮಾನ ಅವರ ಮೇಲೆಯೇ ತಿರುಗಿತು.

ಅದಕ್ಕೆ ಕಾರಣವೂ ಇತ್ತು. ಸರಪಳಿಗೆ ಹೊಸದಾಗಿ ಬೆಳ್ಳಿಬಣ್ಣ ಬಳಿದಿತ್ತು. ಇವರ ಕಸುಬನ್ನು ನಾನು ಬಲ್ಲೆ. ಕಲ್ಲಿನಲ್ಲಿ ಸಣ್ಣ ಬಿರುಕಿದ್ದರೆ ರೆಸಿನ್ ಅಂಟು ತುಂಬಿ ಪಾಲಿಶ್ ಹೊಡೆಯುತ್ತಾರೆ. ಆ ಅಂಟಿನ ಉದ್ದುದ್ದ ಅಣುಗಳು ಗಟ್ಟಿಯಾಗುವಾಗ ಒಂದಕ್ಕೊಂದು ಅಡ್ಡ ಹೊಲಿದುಕೊಳ್ಳುತ್ತವೆ, ಆಮೇಲೆ ಕಾಯಿಸಿದರೂ ಕರಗುವುದಿಲ್ಲ, ಬಿರುಕು ಎಲ್ಲಿತ್ತು ಎಂದು ಯಾರಿಗೂ ಕಾಣುವುದಿಲ್ಲ. ತಪ್ಪೇನಲ್ಲ, ಎಲ್ಲ ಕಡೆ ಮಾಡುವುದೇ. ಆದರೆ ಬಿರುಕು ಮುಚ್ಚುವುದು ಅಭ್ಯಾಸವಾದ ಮೇಲೆ ಸರಪಳಿಯ ಬಿರುಕನ್ನೂ ಪೇಂಟಿನಲ್ಲಿ ಮುಚ್ಚಿರಬಹುದಲ್ಲ?

"ಪೇಂಟ್ ಯಾವಾಗ ಹೊಡೆದದ್ದು?" ಎಂದು ಕೆಲಸಗಾರರನ್ನು ಕೇಳಿದೆ.

"ಅಬ್ಬುಕ್ಕೆ ಮೇಡಂ" ಎಂದರು ಒಬ್ಬರು. ಮಾಲೀಕರು ಅಲ್ಲೇ ನಿಂತಿದ್ದರು. ಮಿಕ್ಕವರು ನೆಲ ನೋಡಿದರು. ಆ ಮೌನವನ್ನೂ ನಾನು ಅನುಮಾನದ ಲೆಕ್ಕಕ್ಕೆ ಹಾಕಿಕೊಂಡೆ.

ಬ್ಲಾಕಿನ ಉದ್ದ, ಅಗಲ, ಎತ್ತರ ಅಳೆದು ತೂಕ ಲೆಕ್ಕ ಹಾಕಿದೆ. ಆ ಸರಪಳಿ ಹೊರಬಲ್ಲದ್ದಕ್ಕಿಂತ ಬಹಳ ಕಡಿಮೆ. ಮಾಲೀಕರು ಹೆಚ್ಚು ಭಾರ ಹೊರಿಸಿರಲಿಲ್ಲ. ಹಾಗಿದ್ದರೆ ಸರಪಳಿಯೇ ನಕಲಿ ಇರಬೇಕು ಎಂದುಕೊಂಡು ಮಾರನೆಯ ದಿನ ಗುಂಡ್ಲುಪೇಟೆಗೆ ಹೋದೆ. ಊಟಿ ರಸ್ತೆಯಲ್ಲಿ ಸರಪಳಿ, ಕೊಕ್ಕೆ, ತಂತಿಹಗ್ಗ ಮಾರುವ ಅಂಗಡಿ. ಅಂಗಡಿಯವರು ಫೋನಿನಲ್ಲಿ ಮಲಯಾಳದಲ್ಲಿ ಯಾರನ್ನೋ ಗದರಿಸಿ, ನನ್ನ ಕಡೆ ತಿರುಗಿ ಅಚ್ಚ ಕನ್ನಡದಲ್ಲಿ ಗದರಿಸಿದರು.

"ಡೂಪ್ಲಿಕೇಟ್ ಮಾರೋ ಹಾಗಿದ್ರೆ ನಾನು ಇಲ್ಲಿ ಇಷ್ಟು ವರ್ಷ ಕೂತಿರ್ತಿದ್ನಾ? ಕೊಂಡಿ ಮೇಲೆ ನಂಬರ್ ನೋಡಿ. ಹಳೇ ಕಬ್ಬಿಣದ ಚೈನಲ್ಲ ಇದು. ಅದರ ಅರ್ಧ ದಪ್ಪ, ಅಷ್ಟೇ ಭಾರ ಹೊರತ್ತೆ. ಹೋದ ವರ್ಷ ಹಬ್ಬ ಆದಮೇಲೆ ತಗೊಂಡು ಹೋದ್ರು. ಎರಡು ಚೈನ್ ಮಾಡಿ ಉಳಿದ ತುಂಡು ಅವರ ಸ್ಟೋರಲ್ಲೇ ಇರತ್ತೆ, ಬೇಕಾದ್ರೆ ಟೆಸ್ಟ್ ಮಾಡ್ಸಿ."

ಇಷ್ಟು ಧೈರ್ಯವಾಗಿ ಮಾತಾಡುವವರ ಮೇಲೆ ನನಗೆ ಇನ್ನೂ ಹೆಚ್ಚು ಅನುಮಾನ. ಮುರಿದ ಕೊಂಡಿಯನ್ನೂ ಅದರ ಪಕ್ಕದ ಎರಡು ಕೊಂಡಿಗಳನ್ನೂ ಮೈಸೂರಿನ ಲ್ಯಾಬಿಗೆ ಕೊಟ್ಟುಬಂದೆ.

ಬರುವಾಗ ಚಾಮರಾಜನಗರದ ಆಸ್ಪತ್ರೆಯಲ್ಲಿ ಗಾಯಗೊಂಡವರ ಹೇಳಿಕೆ ತೆಗೆದುಕೊಂಡೆ. ಅವರು ಗೋಡೆಗೆ ಒರಗಿ ಕೂತಿದ್ದರು. ಇಲ್ಲದ ಕಾಲಿನ ಜಾಗದಲ್ಲಿ ಹೊದಿಕೆ ಚಪ್ಪಟೆಯಾಗಿತ್ತು.

"ಚೈನು ಸಂದಾಗೇ ಇತ್ತು ಮೇಡಂ. ನಾನೇ ಸುತ್ತುದ್ದು. ಅಳೇ ಚೈನಾಗಿದ್ರೆ ಕಿರ್ ಅಂತಿತ್ತು, ಗೊತ್ತಾಗದು. ಇದು ಟಪ್ ಅಂತು, ಅಷ್ಟೇಯ. ನೋಡೊ ಒತ್ಗೆ ಕಾಲ್ ಮ್ಯಾಲಿತ್ತು ಕಲ್ಲು."

ನಿಮ್ಮ ಬಾಮೈದ ಹೀಗೆ ಮಾಡಿರಬಹುದಾ ಎಂದು ಕೇಳಿದೆ. ಅವರು ಬಾಯಿ ತೆರೆಯುವ ಮುಂಚೆ ಹೆಂಡತಿ ಉತ್ತರ ಕೊಟ್ಟರು. ಅವರು ಚೈನಣ್ಣನ ಸ್ವಂತ ಅಕ್ಕ.

"ನನ್ಗೆ ತಮ್ಮ ಇಲ್ಲ ಅಂತ ಬರ್ಕೊಳಿ. ಬಂದಿದ್ದ ಇಲ್ಗೆ, ಕಾಲ್ ಕಟ್ಕೊಳಕೆ. ಬಾಗ್ಲಿಂದ್ಲೇ ಅಟ್ಟಿವ್ನಿ. ಇವ್ರು ಎತ್ತಿ ಆಡಿಸ್ದ ಮಗ ಕಣ್ ಮೇಡಂ ಅವ. ಯಜಮಾನ್ನ ಮ್ಯಾಲಿನ್ ಸಿಟ್ಗೆ ಚೈನು ಕುಯ್ದು, ಇವ್ರ ಕಾಲ್ನೇ ತಿನ್ಕಂಡ." ಅವರು ಅಳಲಿಲ್ಲ. ಹೊದಿಕೆಯನ್ನು ಎಳೆದು ಸರಿಮಾಡುತ್ತ ಹೇಳಿದರು. ಕುಯ್ದದ್ದಲ್ಲ ಎಂದು ಹೇಳುವ ಆಸೆಯಾಯಿತು. ಹೇಳಲಿಲ್ಲ. ಮುರಿದದ್ದು ಯಾಕೆ ಎಂದು ಇನ್ನೂ ಗೊತ್ತಾಗಿರಲಿಲ್ಲ.

ಲ್ಯಾಬಿನಿಂದ ಫೋನು ಬಂತು. ಅಲ್ಲಿನ ಹಿರಿಯ ಲೋಹತಜ್ಞರು ಮಾತಿಗೆ ಬೆಲೆ ಕಟ್ಟಿ ಆಡುವವರು. "ಉಕ್ಕು ಒಳ್ಳೇದೇ ಇದೆಯಮ್ಮ. ಗಡಸುತನ ಸರಿಯಾಗಿದೆ, ಮಿಶ್ರಣ ಸರಿಯಾಗಿದೆ. ನಕಲಿ ಅಲ್ಲ. ಆದರೆ ಬಿರುಕು ಹರಳುಗಳ ಮಧ್ಯದ ಗಡಿಯಲ್ಲೇ ಹೋಗಿದೆ. ಪಕ್ಕದ ಕೊಂಡಿಗಳಲ್ಲೂ ಸಣ್ಣ ಸಣ್ಣ ಬಿರುಕುಗಳಿವೆ. ಪೇಂಟಿನ ಕೆಳಗೆ ಉಕ್ಕಿನ ಮೈ ತಿಂದುಹೋದ ಹಾಗಿದೆ. ಈ ಸರಪಳಿಗೆ ಯಾರಾದರೂ ಆಸಿಡ್ ಹಾಕಿದ್ದಾರಾ?"

ಹಾಕಿದ್ದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಆಸಿಡ್ಡು ಕಬ್ಬಿಣವನ್ನು ತಿನ್ನುವಾಗ ಹೈಡ್ರೋಜನ್ ಹುಟ್ಟುತ್ತದೆ. ಹೆಚ್ಚಿನದು ಗುಳ್ಳೆಯಾಗಿ ಹೋಗುತ್ತದೆ. ಸ್ವಲ್ಪ ಮಾತ್ರ ಒಂಟಿ ಪರಮಾಣುವಾಗಿಯೇ ಉಕ್ಕಿನೊಳಗೆ ನುಗ್ಗುತ್ತದೆ. ಅದಕ್ಕಿಂತ ಸಣ್ಣ ಪರಮಾಣು ಇನ್ನೊಂದಿಲ್ಲ, ಹಾಗಾಗಿ ತಡೆಯುವವರೂ ಇಲ್ಲ. ಹರಳು ಹರಳಿನ ನಡುವಿನ ಗಡಿಯಲ್ಲಿ ಹೋಗಿ ಕೂತು, ಕಬ್ಬಿಣ ಕಬ್ಬಿಣವನ್ನು ಹಿಡಿದಿರುವ ಹಿಡಿತವನ್ನೇ ಸಡಿಲ ಮಾಡುತ್ತದೆ. ಉಕ್ಕು ಎಷ್ಟು ಬಲವಾಗಿದ್ದರೆ ಅಷ್ಟು ಬೇಗ ಇದಕ್ಕೆ ಬಲಿ. ಆಮೇಲೆ ಅದು ಹಿಗ್ಗುವುದನ್ನು ಮರೆತು ಕಲ್ಲಿನ ಹಾಗೆ ಒಡೆಯುತ್ತದೆ. ಅದೂ ಆಸಿಡ್ ತಾಗಿದ ಕೂಡಲೇ ಅಲ್ಲ, ಎಷ್ಟೋ ದಿನ ಬಿಟ್ಟು, ಯಾವತ್ತೋ ಭಾರ ಬಿದ್ದಾಗ.

ಆಸಿಡ್ಡಿಗೆ ಯಾರ್ಡಿನಲ್ಲಿ ಬರವಿರಲಿಲ್ಲ. ಕಲ್ಲಿನ ಮೇಲಿನ ತುಕ್ಕಿನ ಕಲೆ ತೆಗೆಯಲು ಕ್ಯಾನುಗಟ್ಟಲೆ ಇಟ್ಟಿರುತ್ತಾರೆ. ಸರಪಳಿ ಹಾಳು ಮಾಡಬೇಕೆಂದು ಹೊರಟವರಿಗೆ ಗರಗಸಕ್ಕಿಂತ ಇದು ಎಷ್ಟೋ ಮೇಲು, ಗುರುತೇ ಉಳಿಯುವುದಿಲ್ಲ. ನನ್ನ ಅನುಮಾನ ಗಿರಕಿ ಹೊಡೆದು ಮತ್ತೆ ಚೈನಣ್ಣನ ಮೇಲೆಯೇ ಬಂದು ನಿಂತಿತು. ನಾನು ಮಾಲೀಕರಿಗೆ ಏನೂ ಹೇಳದೆ ಸೀದಾ ಉಡಿಗಾಲಕ್ಕೆ ಹೋದೆ.

ಚೈನಣ್ಣ ಮನೆಯಲ್ಲೇ ಇದ್ದರು. ಗಡ್ಡ ಬೆಳೆದಿತ್ತು, ಹಣೆಯ ಮೇಲೆ ಮಾತ್ರ ವಿಭೂತಿ ನೀಟಾಗಿತ್ತು. ಹೆಂಡತಿ ಜಗಲಿಯ ಮೇಲೆ ಚಾಪೆ ಹಾಸಿ, ನನ್ನನ್ನು ಪೊಲೀಸರ ಕಡೆಯವಳೆಂದು ತಿಳಿದು ಬಾಗಿಲ ಮರೆಗೆ ನಿಂತರು. ನಾನು ಆಸಿಡ್ಡಿನ ಮಾತೆತ್ತಲಿಲ್ಲ. ಸರಪಳಿಗೆ ನೀವು ಏನು ಮಾಡಿದಿರಿ ಎಂದಷ್ಟೇ ಕೇಳಿದೆ. ಉದ್ದೇಶಪೂರ್ವಕವಾಗಿಯೇ ಹಾಗೆ ಒರಟಾಗಿ ಕೇಳಿದ್ದು. ಕಳ್ಳ ಮನಸ್ಸಿದ್ದರೆ ಮುಖದಲ್ಲಿ ಕಾಣುತ್ತದೆ.

ಅವರ ಮುಖದಲ್ಲಿ ಕಂಡದ್ದು ಅವಮಾನ.

"ನಾ ಯಾಕ್ ಮೇಡಂ ಏನಾರ ಮಾಡನ? ಅದು ನನ್ ಕೈನ ಚೈನು. ಬ್ಯಾರೇರು ಅದ್ನ ನೆಲುದ್ ಮ್ಯಾಲ್ ಎಳುದ್ರೆ ಬೈತಿದ್ದೆ. ಈ ಸಲ ಆಯುಧಪೂಜೆಗೆ ಎಂಗ್ ಮಾಡಿದ್ದೆ ಗೊತ್ತಾ? ಯಾರ್ನೂ ಸೇರುಸ್ನಿಲ್ಲ, ನಾನೊಬ್ನೇಯ. ಡ್ರಮ್ಮು ಕುಯ್ದು, ಕಲ್ ತೊಳೆಯೊ ಆಸಿಡ್ ಹುಯ್ದು, ರಾತ್ರಿ ಎಲ್ಲ ನೆನೆ ಆಕಿದ್ದೆ. ಬೆಳ್ಗೆ ತಗುದ್ರೆ ಒಂದ್ ಚೂರ್ ತುಕ್ಕಿಲ್ಲ. ಬೆಳ್ಳಿ ಚೈನ್ ಆದಂಗಾಗಿತ್ತು. ಪೇಂಟ್ ಒಡ್ದು, ಈಬೂತಿ ಅಚ್ಚಿ, ಊವ ಆಕಿ ಕೈ ಮುಗ್ದೆ. ಯಜಮಾನ್ರೇ ಬಂದು ಬೇಷ್ ಅಂದ್ರು. ಅಂಗ್ ನೋಡ್ಕಂಡವ್ನು ಅದ್ನ ಕೆಡಿಸ್ತನಾ? ನೀವೇ ಯೋಳಿ."

ತಾನು ನಿರಪರಾಧಿ ಎನ್ನುವುದಕ್ಕೆ ಅವರು ಕೊಟ್ಟ ಸಾಕ್ಷಿಯೇ ನಾನು ಹುಡುಕಿಕೊಂಡು ಬಂದಿದ್ದ ಕಾರಣ.

"ಮುಂಚೇನೂ ಹೀಗೇ ತೊಳೀತಿದ್ರಾ?"

"ವರ್ಷಾ ವರ್ಷಾವೆ. ನಮ್ಗಿಂತ ಮದ್ಲು ಇದ್ದೋರೂ ಇಂಗೇಯ ತೊಳೀತಿದ್ದದ್ದು. ಅಳೇ ಕಬ್ಬುಣದ ಚೈನು ಎಷ್ಟ್ ವರ್ಷ ತೊಳುದ್ರೂ ಏನಾಗಿತ್ತು? ಇದಂತೂ ಇನ್ನೂ ಗಟ್ಟಿ ಚೈನು."

ಯಾರೂ ನನ್ನಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ. ಹಬ್ಬಕ್ಕೆ ಆಯುಧ ತೊಳೆಯುವುದು ಅಂಗಳ ಗುಡಿಸಿದಷ್ಟೇ ಸಹಜ, ಅದನ್ನು ಯಾರು ವಿಮೆಯ ಸರ್ವೇಯರ್ ಮುಂದೆ ಹೇಳುತ್ತಾರೆ? ಹಳೆಯ ಮೆತು ಕಬ್ಬಿಣದ ಸರಪಳಿಗೆ ಆಸಿಡ್ಡಿನಿಂದ ತೊಂದರೆ ಆಗಿರಲಿಲ್ಲ. ಹೊಸ ಸರಪಳಿಗೆ ಇದು ಮೊದಲನೇ ಹಬ್ಬ. ಅದರ ಬಲವೇ ಅದಕ್ಕೆ ಮುಳುವಾಗಿತ್ತು. ಇಂಥ ಸರಪಳಿಯನ್ನು ಆಸಿಡ್ಡಿನ ಹತ್ತಿರ ತರಬಾರದು ಎಂದು ತಯಾರಿಸುವವರು ಹೇಳಿರುತ್ತಾರೆ. ಯಾರ್ಡಿನಲ್ಲಿ ಅದನ್ನು ಯಾರೂ ಇವರಿಗೆ ಹೇಳಿರಲಿಲ್ಲ.

ಆಗ ಇನ್ನೊಂದು ವಿಷಯ ಹೊಳೆಯಿತು. "ಎರಡು ಚೈನೂ ಅದೇ ಡ್ರಮ್ಮಲ್ಲಿ ಹಾಕಿದ್ರಾ?"

"ಊ ಕಣ್ ಮೇಡಂ. ಅಳೇ ಚೈನೂ ಅದ್ರೊಳ್ಗೇ ಇತ್ತು."

ಜೋಡಿಯ ಎರಡನೇ ಸರಪಳಿ ಆ ಹೊತ್ತಿನಲ್ಲೂ ಯಾರ್ಡಿನ ಇನ್ನೊಂದು ಚಿಕ್ಕ ಗ್ಯಾಂಟ್ರಿ ಕ್ರೇನಿನಲ್ಲಿ ಕಲ್ಲು ಎತ್ತುತ್ತಿತ್ತು. ನಾನು ಎದ್ದು ಬೀದಿಗೆ ಬಂದು ಮಾಲೀಕರಿಗೆ ಫೋನು ಮಾಡಿದೆ. ಚಿಕ್ಕ ಗ್ಯಾಂಟ್ರಿ ಈಗಲೇ ನಿಲ್ಲಿಸಿ ಎಂದೆ. ಬಂದರಿಗೆ ಹೋಗಬೇಕಾದ ಮಾಲಿದೆ, ಆಗಲ್ಲ ಎಂದರು. ನಾನು ಎಚ್ಚರಿಸಿದ ಮೇಲೂ ನಿಲ್ಲಿಸಲಿಲ್ಲ ಎಂದು ವರದಿಯಲ್ಲಿ ಮೊದಲನೇ ಸಾಲಿಗೇ ಬರೆಯುತ್ತೇನೆ ಎಂದೆ. ಗ್ಯಾಂಟ್ರಿ ನಿಂತಿತು. ಕಾರಣ ಹೇಳಿದಾಗ ಅವರು, "ಹಾಗಾದ್ರೆ ಆಸಿಡ್ ಹಾಕಿದ್ದು ಅವನೇ ಅಂತ ಒಪ್ಕೊಂಡ ಅಲ್ವಾ? ಅಷ್ಟು ಬರೀರಿ ಸಾಕು" ಎಂದರು.

ಅಷ್ಟು ಬರೆಯಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ. "ಸದರಿ ನೌಕರನು ಸರಪಳಿಯನ್ನು ಆಮ್ಲದಲ್ಲಿ ಮುಳುಗಿಸಿದ್ದಾಗಿ ಒಪ್ಪಿರುತ್ತಾನೆ" ಎಂಬ ಒಂದು ವಾಕ್ಯ ಸಾಕು, ಠಾಣೆಯವರು ಮಿಕ್ಕದ್ದನ್ನು ನೋಡಿಕೊಳ್ಳುತ್ತಿದ್ದರು. ಕಾರಣ ಗೊತ್ತಿಲ್ಲ ಎಂದು ಬರೆದು ಕೈ ತೊಳೆದುಕೊಳ್ಳಲೂ ಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ನಾನು ಎರಡನ್ನೂ ಬಿಟ್ಟು, ಎಲ್ಲರ ಕಣ್ಣೆದುರೇ ಕೊಂಡಿ ಒಡೆದು ತೋರಿಸಬೇಕು ಎಂದು ತೀರ್ಮಾನಿಸಿದೆ. ಒಡೆಯದೆ ಹೋದರೆ ನನ್ನ ಮಾನ ಹೋಗುತ್ತಿತ್ತು, ಚೈನಣ್ಣನ ಕಥೆಯೂ ಮುಗಿಯುತ್ತಿತ್ತು.

ಚಾಮರಾಜನಗರದ ಒಂದು ವರ್ಕ್‌ಶಾಪಿನಲ್ಲಿ ಬೇರಿಂಗ್ ತಳ್ಳಿ ತೆಗೆಯುವ ಹೈಡ್ರಾಲಿಕ್ ಪ್ರೆಸ್ ಇದೆ. ಅಲ್ಲಿಗೆ ಮಾಲೀಕರನ್ನೂ ಸಬ್‌ಇನ್‌ಸ್ಪೆಕ್ಟರನ್ನೂ ಕರೆದೆ. ಚೈನಣ್ಣನೂ ಯಾರ್ಡಿನ ನಾಲ್ಕೈದು ಜನರೂ ಬಂದರು. ಮೂರು ಕೊಂಡಿ ತರಿಸಿದ್ದೆ. ಒಂದು ಹಳೇ ಕಬ್ಬಿಣದ್ದು, ಅದೇ ಡ್ರಮ್ಮಿನಲ್ಲಿ ನೆನೆದದ್ದು. ಒಂದು ಸ್ಟೋರಿನಲ್ಲಿ ಉಳಿದಿದ್ದ ಹೊಸ ಸರಪಳಿಯ ತುಂಡಿನಿಂದ. ಗ್ಯಾಂಟ್ರಿ ಏರದ ಕಾರಣ ಅದಕ್ಕೆ ಪೂಜೆಯೂ ಆಗಿರಲಿಲ್ಲ, ಸ್ನಾನವೂ ಆಗಿರಲಿಲ್ಲ. ಮೂರನೆಯದು ಚಿಕ್ಕ ಗ್ಯಾಂಟ್ರಿಯಿಂದ ಇಳಿಸಿದ್ದು.

ಹಳೇ ಕೊಂಡಿಯನ್ನು ನಿಲ್ಲಿಸಿ ಒತ್ತಿದರು. ನಿಧಾನವಾಗಿ ಚಪ್ಪಟೆಯಾಯಿತು. ಸ್ಟೋರಿನ ಕೊಂಡಿ ಒತ್ತಡಕ್ಕೆ ಜಗ್ಗದೆ ಬಹಳ ಹೊತ್ತು ನಿಂತು, ಆಮೇಲೆ ಅದೂ ಬಾಗಿತು, ಬಿರಿಯಲಿಲ್ಲ. ಮೂರನೆಯದನ್ನು ಇಡುವ ಮುಂಚೆ ನಾನು ಎಲ್ಲರನ್ನೂ ಹಿಂದಕ್ಕೆ ಸರಿಸಿ, ಪ್ರೆಸ್ಸಿನ ಮುಂದೆ ಗೋಣಿಚೀಲ ಕಟ್ಟಿಸಿದೆ. ಇನ್ನೂ ಸರಿಯಾಗಿ ಒತ್ತಿರಲಿಲ್ಲ. ಟಪ್ ಎಂದಿತು. ಅರ್ಧ ಕೊಂಡಿ ಗೋಣಿಗೆ ಬಡಿದು ಕೆಳಗೆ ಬಿತ್ತು. ಎತ್ತಿ ತೋರಿಸಿದೆ. ಅದೇ ಕಲ್ಲುಸಕ್ಕರೆಯ ಮುಖ.

ಸಬ್‌ಇನ್‌ಸ್ಪೆಕ್ಟರು ಅದನ್ನು ಕೈಯಲ್ಲಿ ಹೊರಳಿಸಿ ನೋಡಿ, "ಇದು ಕೂಡ ಯಾರೂ ಕುಯ್ದಿಲ್ಲ ಅಲ್ವಾ?" ಎಂದು ಮಾಲೀಕರನ್ನು ಕೇಳಿದರು. ಕಡಿಮೆ ಮಾತಿನ ಮನುಷ್ಯ. ನಾನೂ ಬಿಡಲಿಲ್ಲ. "ಪೂಜೆ ದಿನದ ಫೋಟೋ ನಿಮ್ಮ ಮೊಬೈಲಲ್ಲಿ ಇರಬೇಕಲ್ಲ ಸಾರ್, ತೋರಿಸಿ" ಎಂದೆ. ತೋರಿಸಿದರು. ಹೂವಿನ ಹಾರ ಹಾಕಿದ ಎರಡು ಸರಪಳಿ ಪಳಪಳ ಹೊಳೆಯುತ್ತಿದ್ದವು, ಮಧ್ಯದಲ್ಲಿ ಮಾಲೀಕರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಆಸಿಡ್ ಕೊಟ್ಟದ್ದು ಯಾರ್ಡು, ತೊಳೆದದ್ದನ್ನು ಮೆಚ್ಚಿದ್ದು ಯಾರ್ಡು, ಹೇಳಬೇಕಾದ್ದನ್ನು ಹೇಳದೆ ಇದ್ದದ್ದೂ ಯಾರ್ಡು ಎಂದು ನಾನು ಬರೆಯುತ್ತೇನೆ ಎಂದೆ. ಅವರು ದೂರು ವಾಪಸ್ ತೆಗೆದುಕೊಳ್ಳುವುದಾಗಿ ಅಲ್ಲೇ ಒಪ್ಪಿದರು.

ಕೆಲಸಗಾರರು ಚೈನಣ್ಣನ ಬೆನ್ನು ತಟ್ಟಿದರು. "ಬುಡ್ಲಾ, ಆಯ್ತಲ್ಲ, ಎದ್ ಬಾ ಟೀ ಕುಡಿಯನ" ಎಂದು ಒಬ್ಬರು ಕೈ ಹಿಡಿದು ಎಳೆದರು. ಅವರು ಏಳಲಿಲ್ಲ. ಒಡೆದ ಅರ್ಧ ಕೊಂಡಿಯನ್ನು ನನ್ನ ಕೈಯಿಂದ ಇಸಿದುಕೊಂಡು, ಹೆಬ್ಬೆರಳಲ್ಲಿ ಅದರ ಮುಖ ಸವರುತ್ತ ಕೂತರು. ಎಲ್ಲರೂ ಹೋದ ಮೇಲೆ ಕೇಳಿದರು.

"ಆಸಿಡ್ಗೆ ಆಕ್ದೆ ಇದ್ದಿದ್ರೆ ಮುರೀತಿರ್ನಿಲ್ವಾ ಮೇಡಂ?"

ಇಲ್ಲ ಎಂದೆ. ನಿಮಗೆ ಯಾರೂ ಹೇಳಿರಲಿಲ್ಲ, ನಿಮ್ಮ ತಪ್ಪಲ್ಲ ಎಂದೂ ಸೇರಿಸಿದೆ. ಎರಡನೆಯ ಮಾತು ಅವರ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ.

"ಕುಯ್ದ ಅಂತ ಅಂದಾಗ ಇಲ್ಲ ಅಂತ ಎದೆ ಕೊಟ್ಟು ನಿಂತಿದ್ದೆ. ಈಗ ಏನಂತ ಯ್ಯೋಳ್ಲಿ ನಮ್ಮಕ್ಕುಂಗೆ? ನನ್ ಕೈಲೇ ಆಗೋಯ್ತಲ್ಲ."

ಅವರನ್ನು ನನ್ನ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವರದಿಗೂ ಇದಕ್ಕೂ ಸಂಬಂಧವಿರಲಿಲ್ಲ. ಅವರ ಅಕ್ಕ ಕಾಫಿ ತರಲು ಹೊರಗೆ ಹೋಗಿದ್ದರು. ಚೈನಣ್ಣ ಬಾವನ ಮಂಚದ ಪಕ್ಕ ನಿಂತು, ನಾನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಡ್ರಮ್ಮು, ಆಸಿಡ್ಡು, ಹೈಡ್ರೋಜನ್ನು, ಪ್ರೆಸ್ಸು. ತನ್ನ ಪರವಾಗಿ ಒಂದು ಮಾತೂ ಸೇರಿಸಲಿಲ್ಲ.

ಬಾವ ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡರು. ಆಮೇಲೆ, "ಆ ಡ್ರಮ್ಮಿಂದ ಚೈನು ಎತ್ತುವಾಗ ಒಂದ್ ತುದಿ ನಾ ಇಡ್ದಿದ್ದೆ ಕಣ್ಲಾ" ಎಂದರು.

"ನೀ ಎಲ್ಲಿದ್ದೆ ಬಾವ? ನೀ ಅವತ್ತು ನಿಮ್ಮೂರ್ ಅರವೇಲಿದ್ದೆ."

"ಇದ್ದೆ ಅಂತ ಯ್ಯೋಳು. ನಿಮ್ಮಕ್ಕುಂಗೆ ಅಂಗೇ ಯ್ಯೋಳು."

ಅಕ್ಕ ಫ್ಲಾಸ್ಕು ಹಿಡಿದು ಒಳಗೆ ಬಂದರು. ತಮ್ಮನನ್ನು ನೋಡಿ ಬಾಗಿಲಲ್ಲೇ ನಿಂತರು. ಇವ ಯಾಕೆ ಬಂದ ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಗಂಡ ಹೇಳಿದರು. "ಯಾರೂ ಕುಯ್ದಿಲ್ವಂತೆ ಕಣಮ್ಮಿ. ಅಬ್ಬುಕ್ಕೆ ಚೈನು ಆಸಿಡ್ನಲ್ ತೊಳ್ದದ್ಕೆ ಮುರುದದ್ದಂತೆ. ನಾವಿಬ್ರೂ ಸೇರೇ ತೊಳ್ದಿದ್ದು. ನಮ್ಗೇನ್ ಗೊತ್ತಿತ್ತು?"

ಅವರು ಗಂಡನ ಮುಖ ನೋಡಿದರು, ತಮ್ಮನ ಮುಖ ನೋಡಿದರು. ಚೈನಣ್ಣ ತಲೆ ತಗ್ಗಿಸಿದ್ದರು. ಇಬ್ಬರನ್ನೂ ನಂಬದೆ ಕೊನೆಗೆ ನನ್ನ ಕಡೆ ತಿರುಗಿ, "ದಿಟ್ವಾ ಮೇಡಂ? ಇಬ್ರೂವೆಯಾ?" ಎಂದು ಕೇಳಿದರು.

"ಹೌದಮ್ಮ, ಇಬ್ರೂ" ಎಂದೆ.